ಅಣ್ವಸ್ತ್ರಗಳ ಹರಡುವಿಕೆಗೆ ತಡೆಯುಂಟೇ?

ಒಮ್ಮೆ ಕಲಿತ ವಿದ್ಯೆಯನ್ನು ಮರೆಯಲಾಗದು. ಒಬ್ಬನು ಕಲಿತದ್ದನ್ನು ಇನ್ನೊಬ್ಬನು ಕಲಿಯದಂತೆ ತಡೆಯಲೂ ಆಗದು. ಆದ್ದರಿಂದ ಅಣುಬಾಂಬು ಇಂದಲ್ಲ ನಾಳೆ ಎಲ್ಲ ರಾಷ್ಟ್ರಗಳ ಕೈಸೇರುವುದು ಖಂಡಿತ, ಅದನ್ನು ತಡೆಯಹೊರಡುವುದು ಗಾಳಿಯನ್ನು ಗಂಟುಕಟ್ಟಲು ಹೊರಟಂತೆ ಎಂದು ವಾದಿಸುವವರು ಬಹಳ ಜನರಿದ್ದಾರೆ. ಇನ್ನು ಕೆಲವರು, ಎಲ್ಲ ರಾಷ್ಟ್ರಗಳೂ ಕೂಡಿ ಒಂದು ಕಾಗದಕ್ಕೆ ಸಹಿ ಹಾಕಿಬಿಟ್ಟರೆ ಅಂದಿಗೆ ಈ ಭಯ ತೀರಿತೆಂದು ನಂಬುತ್ತಾರೆ. ಇವೆರಡೂ ಅರ್ಧಸತ್ಯಗಳೆಂದು ನನಗೆ ತೋರುತ್ತದೆ. ಅದಕ್ಕೆ ಕಾರಣಗಳನ್ನು ನನಗೆ ತಿಳಿದ ಮಟ್ಟಿಗೆ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ರಾಜ್ಯಶಾಸ್ತ್ರದ ವಿದ್ಯಾರ್ಥಿಯೊಬ್ಬನು ಕಾರವಾರದಲ್ಲಿ ಕುಳಿತು ಇಂಥ ಜಾಗತಿಕ ವಿಷಯವನ್ನು ಏಕೆ ಚರ್ಚಿಸಬೇಕೆಂದು ಯಾರಾದರೂ ಕೇಳಬಹುದು. ಅಂಕೋಲೆಯ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುವ ನನ್ನಂಥವರು ಅರ್ಗಾದ ಬಳಿ ನೌಕಾನೆಲೆಯ ಗೋಡೆಯನ್ನು ನೋಡದೆ ಕಾಲೇಜು ಸೇರುವಂತಿಲ್ಲ. ಇತ್ತ ಕಾಳಿ ನದಿಯನ್ನು ಹಿಡಿದು ಮೇಲಕ್ಕೆ ಹೋದರೆ, ಕದ್ರಾ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ, ನಮ್ಮ ತಾಲೂಕಿನೊಳಗೇ ಕೈಗಾ ಅಣುವಿದ್ಯುತ್ ಕೇಂದ್ರವಿದೆ. ನಮ್ಮ ಮನೆಗಳ ಎಷ್ಟೋ ಮಂದಿ ಈ ಎರಡು ಸ್ಥಳಗಳಲ್ಲಿ ಅನ್ನ ಸಂಪಾದಿಸುತ್ತಿದ್ದಾರೆ; ಎಷ್ಟೋ ಮಂದಿ ಇವುಗಳಿಗಾಗಿ ನೆಲವನ್ನು ಬಿಟ್ಟುಕೊಟ್ಟಿದ್ದಾರೆ. ಹೀಗಿರುವಾಗ ಈ ಪ್ರಶ್ನೆಯು ದೂರದ ಜಿನೀವಾಕ್ಕೂ ನ್ಯೂಯಾರ್ಕಿಗೂ ಮಾತ್ರ ಸೇರಿದ್ದೆಂದು ನಾವು ಸುಮ್ಮನಿರುವಂತಿಲ್ಲ.

ಮೊದಲು ವಿದ್ಯೆಯನ್ನೂ ಸಾಮಗ್ರಿಯನ್ನೂ ಬೇರೆ ಬೇರೆಯಾಗಿ ನೋಡಬೇಕು. ಅಣುಬಾಂಬಿನ ತತ್ತ್ವವು ಇಂದು ಗುಟ್ಟಾಗಿ ಉಳಿದಿಲ್ಲ. ಭಾರವಾದ ಪರಮಾಣುವಿನ ಬೀಜವು ಒಡೆದಾಗ ಶಕ್ತಿ ಹೊರಬೀಳುತ್ತದೆ. ಅದರಿಂದ ಸಿಡಿದ ನ್ಯೂಟ್ರಾನುಗಳು ನೆರೆಯ ಬೀಜಗಳನ್ನು ಒಡೆಯುತ್ತವೆ. ಹೀಗೆ ಕ್ರಿಯೆಯು ಸರಪಳಿಯಂತೆ ಬೆಳೆಯುತ್ತದೆ. ಇಷ್ಟನ್ನು ಭೌತಶಾಸ್ತ್ರದ ಯಾವ ವಿದ್ಯಾರ್ಥಿಯಾದರೂ ಹೇಳಬಲ್ಲನು. ಕಷ್ಟವಿರುವುದು ಸಾಮಗ್ರಿಯಲ್ಲಿ. ನೆಲದಿಂದ ತೆಗೆದ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-೨೩೫ ಎಂಬ ಜಾತಿಯು ನೂರಕ್ಕೆ ೦.೭ ಭಾಗ ಮಾತ್ರ ಇರುತ್ತದೆ. ಬಾಂಬಿಗಾಗಿ ಅದನ್ನು ನೂರಕ್ಕೆ ಸುಮಾರು ೯೦ರ ವರೆಗೆ ಏರಿಸಬೇಕು. ಇದಕ್ಕೆ ಸಾವಿರಾರು ಯಂತ್ರಗಳನ್ನು ಸಾಲಾಗಿ ನಿಲ್ಲಿಸಿ, ಅತಿ ವೇಗದಿಂದ, ತಿಂಗಳುಗಟ್ಟಲೆ ತಿರುಗಿಸಬೇಕು. ಇನ್ನೊಂದು ದಾರಿ ಪ್ಲುಟೋನಿಯಂ. ಅದು ನಿಸರ್ಗದಲ್ಲಿ ದೊರೆಯುವುದಿಲ್ಲವೆಂದೇ ಹೇಳಬಹುದು; ರಿಯಾಕ್ಟರಿನಲ್ಲಿ ಯುರೇನಿಯಂ ಉರಿದಾಗ ಹುಟ್ಟುತ್ತದೆ, ಅನಂತರ ಅದನ್ನು ದಪ್ಪ ಗೋಡೆಗಳ ಹಿಂದೆ ರಾಸಾಯನಿಕ ಕ್ರಮದಿಂದ ಬೇರ್ಪಡಿಸಬೇಕು. ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯು, ೮ ಕಿಲೋಗ್ರಾಂ ಪ್ಲುಟೋನಿಯಂ ಅಥವಾ ಶುದ್ಧೀಕರಿಸಿದ ಯುರೇನಿಯಂನಲ್ಲಿರುವ ೨೫ ಕಿಲೋಗ್ರಾಂ ಯುರೇನಿಯಂ-೨೩೫ ಕಣ್ಮರೆಯಾದರೆ ಒಂದು ಬಾಂಬಿನ ಸಂಶಯ ಪಡಬೇಕೆಂದು ಲೆಕ್ಕ ಹಾಕಿದೆ.

ಇಲ್ಲಿ ನಮ್ಮ ಅಂಕೋಲೆಯ ಇತಿಹಾಸದಿಂದ ಒಂದು ಹೋಲಿಕೆಯನ್ನು ತೆಗೆದುಕೊಳ್ಳುತ್ತೇನೆ. ೧೯೩೦ರ ಎಪ್ರಿಲ್ ೧೩ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿಯಲಾಯಿತು. ಸರಕಾರದ ಅಪ್ಪಣೆಯಿಲ್ಲದೆ ಯಾರೂ ಉಪ್ಪು ಮಾಡಕೂಡದು, ಮಾರಕೂಡದು ಎಂಬುದು ಆ ಕಾಯಿದೆಯ ಸಾರ. ಆದರೆ ಸಮುದ್ರವು ಎಲ್ಲರ ಮನೆಯ ಮುಂದಿದೆ, ಬಿಸಿಲಿಗೆ ಯಾರೂ ಕಾವಲು ಹಾಕುವಂತಿಲ್ಲ. ಒಂದು ಕೊಡ ನೀರು, ಒಂದು ಒಲೆ ಇದ್ದರೆ ಉಪ್ಪಾಯಿತು. ಇಂಥ ವಸ್ತುವನ್ನು ಪೋಲೀಸರ ಬಲದಿಂದ ಹಿಡಿದಿಡುವುದು ಅಸಾಧ್ಯವಾಯಿತು. ಯುರೇನಿಯಂ ಉಪ್ಪಿನಂಥದಲ್ಲ. ಅದರ ಗಣಿ, ಅದರ ಕಾರಖಾನೆ, ಅದರ ರಿಯಾಕ್ಟರು ಇವೆಲ್ಲವೂ ದೊಡ್ಡವು, ದುಬಾರಿಯಾದವು, ಎಣಿಸಲು ಬರುವಂಥವು. ವಿದ್ಯೆಯನ್ನು ತಡೆಯಲಾಗದಿದ್ದರೂ ಸಾಮಗ್ರಿಯನ್ನು ಲೆಕ್ಕವಿಡಲು ಸಾಧ್ಯವಿದೆ. ಗಾಳಿಯನ್ನು ಗಂಟುಕಟ್ಟುವ ಉಪಮೆಯು ಇಲ್ಲಿಯೇ ಸೋಲುತ್ತದೆ.

ಲೆಕ್ಕವಿಡುವ ಯತ್ನವು ಬಾಂಬಿನಷ್ಟೇ ಹಳೆಯದು. ಹಿರೋಶಿಮಾ ನಾಗಾಸಾಕಿಗಳು ಸುಟ್ಟುಹೋದ ಮರುವರ್ಷವೇ, ಎಂದರೆ ೧೯೪೬ರಲ್ಲಿ, ಅಣುಶಕ್ತಿಯನ್ನೆಲ್ಲ ಒಂದು ಅಂತರರಾಷ್ಟ್ರೀಯ ಮಂಡಲದ ಕೈಗೊಪ್ಪಿಸುವ ಬರೂಕ್ ಯೋಜನೆಯನ್ನು ಅಮೇರಿಕೆಯು ಮುಂದಿಟ್ಟಿತು. ತಾನು ಬಾಂಬನ್ನು ಬಿಡುವ ಮೊದಲು ಇತರರು ತಪಾಸಣೆಗೆ ಒಳಪಡಬೇಕೆಂದು ಅದು ಕೇಳಿತು. ಮೊದಲು ಬಾಂಬನ್ನು ನಾಶಮಾಡಿರೆಂದು ರಶಿಯವು ಕೇಳಿತು. ಯೋಜನೆ ಅಲ್ಲಿಗೆ ಬಿದ್ದುಹೋಯಿತು. ೧೯೫೪ರ ಎಪ್ರಿಲ್ ೨ರಂದು ಪಂಡಿತ ನೆಹರೂ ಅವರು, ಬಾಂಬುಗಳ ಪ್ರಯೋಗವನ್ನಾದರೂ ನಿಲ್ಲಿಸಿರೆಂದು ನಮ್ಮ ಸಂಸತ್ತಿನಿಂದ ಜಗತ್ತಿಗೆ ಕರೆಕೊಟ್ಟರು. ೧೯೫೭ರಲ್ಲಿ ವಿಯೆನ್ನಾದ ಸಂಸ್ಥೆಯು ಸ್ಥಾಪನೆಯಾಯಿತು. ೧೯೬೩ರಲ್ಲಿ ಗಾಳಿಯಲ್ಲಿ, ನೀರಿನಲ್ಲಿ, ಅಂತರಿಕ್ಷದಲ್ಲಿ ಪ್ರಯೋಗ ಮಾಡಕೂಡದೆಂಬ ಒಪ್ಪಂದವಾಯಿತು. ಭಾರತವೂ ಅದಕ್ಕೆ ಸಹಿಹಾಕಿತು. ೧೯೬೮ರಲ್ಲಿ ಸಹಿಗೆ ತೆರೆದು ೧೯೭೦ರ ಮಾರ್ಚ್ ೫ರಂದು ಜಾರಿಗೆ ಬಂದದ್ದು ಅಣ್ವಸ್ತ್ರ ಪ್ರಸಾರ ನಿರೋಧ ಒಪ್ಪಂದ.

ಇದರ ಫಲವೇನು? ೧೯೬೩ರಲ್ಲಿ ಅಮೇರಿಕೆಯ ಅಧ್ಯಕ್ಷ ಕೆನೆಡಿಯವರು, ಮುಂದಿನ ದಶಕದಲ್ಲಿ ಹದಿನೈದೋ ಇಪ್ಪತ್ತೋ ಇಪ್ಪತ್ತೈದೋ ರಾಷ್ಟ್ರಗಳ ಬಳಿ ಅಣ್ವಸ್ತ್ರಗಳಿರಬಹುದೆಂಬ ಭಯವನ್ನು ವ್ಯಕ್ತಪಡಿಸಿದ್ದರು. ಅದಾಗಿ ಅರುವತ್ತು ವರ್ಷಗಳು ಕಳೆದಿವೆ. ಅಂಥ ರಾಷ್ಟ್ರಗಳು ಇಂದು ಒಂಬತ್ತು. ಪಡೆದುದನ್ನು ಬಿಟ್ಟುಕೊಟ್ಟವರೂ ಉಂಟು. ದಕ್ಷಿಣ ಆಫ್ರಿಕವು ಗುಪ್ತವಾಗಿ ಆರು ಬಾಂಬುಗಳನ್ನು ಕಟ್ಟಿ, ಅವನ್ನು ತಾನಾಗಿಯೇ ಕಳಚಿ, ೧೯೯೧ರಲ್ಲಿ ಒಪ್ಪಂದಕ್ಕೆ ಸೇರಿತು. ಒಬ್ಬರನ್ನೊಬ್ಬರು ಶಂಕಿಸುತ್ತಿದ್ದ ಬ್ರಾಜಿಲ್ ಮತ್ತು ಅರ್ಜೆಂಟೀನಗಳು ಅದೇ ವರ್ಷ ಪರಸ್ಪರರ ಅಣುಕೇಂದ್ರಗಳನ್ನು ತಪಾಸಣೆ ಮಾಡುವ ಏರ್ಪಾಡು ಮಾಡಿಕೊಂಡವು. ಸೋವಿಯತ್ ಒಕ್ಕೂಟವು ಒಡೆದಾಗ ತಮ್ಮ ನೆಲದಲ್ಲಿ ಉಳಿದಿದ್ದ ಅಣ್ವಸ್ತ್ರಗಳನ್ನು ಯುಕ್ರೇನ್, ಕಜಾಕಸ್ತಾನ, ಬೆಲಾರೂಸ್ ದೇಶಗಳು ರಶಿಯಕ್ಕೆ ಕಳಿಸಿಕೊಟ್ಟವು. ನಿಯಂತ್ರಣವೆಂಬುದು ಬರಿಯ ಕನಸಾಗಿದ್ದರೆ ಇವು ಯಾವುವೂ ನಡೆಯುತ್ತಿರಲಿಲ್ಲ.

ಆದರೆ ನಿಯಂತ್ರಣಕ್ಕೆ ತೂತುಗಳೂ ಇವೆ. ಅವನ್ನು ತಿಳಿಯಲು ತಪಾಸಣೆಯ ಕ್ರಮವನ್ನು ಸ್ವಲ್ಪ ನೋಡಬೇಕು. ನಮ್ಮೂರ ನ್ಯಾಯಬೆಲೆ ಅಂಗಡಿಗೆ ತಪಾಸಣೆಗೆ ಬರುವ ಅಧಿಕಾರಿ ಏನು ಮಾಡುತ್ತಾನೆ? ದಾಸ್ತಾನು ಪುಸ್ತಕವನ್ನು ತೆಗೆಸಿ, ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಕೂಡಿ ಕಳೆದು, ಒಳಗಿನ ಚೀಲಗಳನ್ನು ಎಣಿಸುತ್ತಾನೆ. ವಿಯೆನ್ನಾದ ತಪಾಸಣೆಗಾರರು ಮಾಡುವುದೂ ಇದನ್ನೇ. ಅದರೊಡನೆ ಕೋಣೆಗಳಿಗೆ ಮುದ್ರೆಹಾಕುತ್ತಾರೆ, ಕ್ಯಾಮರಾಗಳನ್ನು ಇಡುತ್ತಾರೆ. ಅಂಗಡಿಯ ಚೀಲಗಳು ಸರಿಯಾಗಿದ್ದು, ಹಿತ್ತಲಿನಲ್ಲಿ ಇನ್ನೊಂದು ಗುಪ್ತ ಗೋದಾಮು ಇದ್ದರೆ? ಇರಾಕಿನಲ್ಲಿ ಆದದ್ದು ಅದೇ. ಅದು ಒಪ್ಪಂದದ ಸದಸ್ಯವಾಗಿತ್ತು. ೧೯೯೧ರ ಯುದ್ಧದ ಮೇಲೆ ಹುಡುಕಿದಾಗ ಅದರ ಗುಪ್ತ ಕಾರ್ಯಕ್ರಮ ಬಯಲಾಯಿತು. ಆ ಪಾಠದಿಂದ, ತೋರಿಸದ ಸ್ಥಳಗಳನ್ನೂ ನೋಡುವ ಹೆಚ್ಚಿನ ಅಧಿಕಾರದ ಕರಾರನ್ನು ೧೯೯೭ರಲ್ಲಿ ರೂಪಿಸಿದರು. ಉತ್ತರ ಕೊರಿಯವಾದರೋ ೨೦೦೩ರಲ್ಲಿ ಒಪ್ಪಂದವನ್ನೇ ತೊರೆಯುವುದಾಗಿ ಸಾರಿ, ೨೦೦೬ರಲ್ಲಿ ಬಾಂಬನ್ನು ಸಿಡಿಸಿತು. ಇರಾನಿನೊಡನೆ ೨೦೧೫ರಲ್ಲಿ ಬಿಗಿಯಾದ ತಪಾಸಣೆಯ ಒಪ್ಪಂದವಾಗಿತ್ತು. ೨೦೧೮ರಲ್ಲಿ ಅಮೇರಿಕೆಯೇ ಅದರಿಂದ ಹೊರನಡೆಯಿತು. ೨೦೨೫ರ ಜೂನಿನಲ್ಲಿ ಇಸ್ರೇಲ್ ಮತ್ತು ಅಮೇರಿಕಗಳು ಅಲ್ಲಿಯ ಅಣುಕೇಂದ್ರಗಳ ಮೇಲೆ ಬಾಂಬು ಹಾಕಿದವು. ದಾಸ್ತಾನು ಪುಸ್ತಕದ ದಾರಿಯನ್ನು ಬಿಟ್ಟು ದೊಣ್ಣೆಯ ದಾರಿಯನ್ನು ಹಿಡಿದಾಗ, ಒಳಗೆ ಏನಿದೆಯೆಂದು ಎಣಿಸುವವನು ಮೊದಲು ಹೊರಬೀಳುತ್ತಾನೆ.

ಇಷ್ಟು ದೂರ ತಿರುಗಿದ ಮೇಲೆ ಈಗ ನಮ್ಮ ಕೈಗಾಕ್ಕೆ ಬರೋಣ. ಇಲ್ಲಿ ತಲಾ ೨೨೦ ಮೆಗಾವಾಟಿನ ನಾಲ್ಕು ಘಟಕಗಳಿವೆ. ಮೊದಲೆರಡು ೨೦೦೦ದಲ್ಲಿಯೂ ಮೂರನೆಯದು ೨೦೦೭ರಲ್ಲಿಯೂ ನಾಲ್ಕನೆಯದು ೨೦೧೧ರಲ್ಲಿಯೂ ವಿದ್ಯುತ್ ಕೊಡಲಾರಂಭಿಸಿದವು. ಇವು ನಿಸರ್ಗದ ಯುರೇನಿಯಂನಿಂದಲೂ ಭಾರಜಲದಿಂದಲೂ ನಡೆಯುವ ರಿಯಾಕ್ಟರುಗಳು. ಒಂದೊಂದರಲ್ಲಿ ೩೦೬ ಕೊಳವೆಗಳು. ಒಂದೊಂದು ಕೊಳವೆಯಲ್ಲಿ ಇಂಧನದ ೧೨ ಕಟ್ಟುಗಳು. ಯಂತ್ರವನ್ನು ನಿಲ್ಲಿಸದೆಯೇ ಹಳೆಯ ಕಟ್ಟನ್ನು ತೆಗೆದು ಹೊಸದನ್ನು ತುಂಬಬಹುದಾದ್ದು ಇವುಗಳ ವಿಶೇಷ. ಕೈಗಾದ ಮೊದಲನೆಯ ಘಟಕವು ೨೦೧೬ರ ಮೇ ತಿಂಗಳಿನಿಂದ ೨೦೧೮ರ ಡಿಸೆಂಬರ್ ೩೧ರ ವರೆಗೆ ೯೬೨ ದಿನ ಒಂದೇ ಸಮನೆ ನಡೆದು ಜಗತ್ತಿನ ದಾಖಲೆಯನ್ನು ಮುರಿದದ್ದು ಈ ಗುಣದಿಂದ ಸಾಧ್ಯವಾಯಿತು. ಅದು ನಮ್ಮ ಜಿಲ್ಲೆಯ ಇಂಜಿನಿಯರರೂ ಕಾರ್ಮಿಕರೂ ಹೆಮ್ಮೆಪಡತಕ್ಕ ಸಂಗತಿ. ಆದರೆ ಇದೇ ಗುಣವು ತಪಾಸಣೆಗಾರನ ಕೆಲಸವನ್ನು ಕಠಿಣಗೊಳಿಸುತ್ತದೆ. ವರ್ಷಕ್ಕೊಮ್ಮೆ ಮುಚ್ಚಳ ತೆಗೆದು ಇಂಧನ ಬದಲಿಸುವ ರಿಯಾಕ್ಟರಿಗೆ ಆ ಹೊತ್ತಿಗೆ ಬಂದು ನಿಂತರೆ ಸಾಕು. ದಿನವೂ ಕಟ್ಟುಗಳು ಬದಲಾಗುವಲ್ಲಿ ಕಣ್ಣು ದಿನವೂ ಇರಬೇಕು. ಬೇಗನೆ ಹೊರತೆಗೆದ ಇಂಧನದಲ್ಲಿರುವ ಪ್ಲುಟೋನಿಯಂ ಬಾಂಬಿಗೆ ಹೆಚ್ಚು ಅನುಕೂಲವೆಂಬುದನ್ನು ತಜ್ಞರೆಲ್ಲ ಬಲ್ಲರು.

ಭಾರತವು ೨೦೦೬ರಲ್ಲಿ ತನ್ನ ಅಣುಕೇಂದ್ರಗಳನ್ನು ನಾಗರಿಕ ಮತ್ತು ಸೈನಿಕ ಎಂದು ಎರಡಾಗಿ ವಿಂಗಡಿಸುವ ಯೋಜನೆಯನ್ನು ಪ್ರಕಟಿಸಿತು. ಅಂದು ನಡೆಯುತ್ತಿದ್ದ ಹಾಗೂ ಕಟ್ಟುತ್ತಿದ್ದ ೨೨ ವಿದ್ಯುತ್ ರಿಯಾಕ್ಟರುಗಳಲ್ಲಿ ೧೪ನ್ನು ೨೦೧೪ರೊಳಗೆ ವಿಯೆನ್ನಾದ ತಪಾಸಣೆಗೆ ಒಪ್ಪಿಸಲು ನಿರ್ಧರಿಸಲಾಯಿತು. ಉಳಿದ ಎಂಟರಲ್ಲಿ ನಾಲ್ಕು ಕೈಗಾದವು. ಹೀಗೆಂದೊಡನೆ ಕೈಗಾದಲ್ಲಿ ಬಾಂಬಿನ ಸಾಮಗ್ರಿ ತಯಾರಾಗುತ್ತಿದೆಯೆಂದು ಅರ್ಥವಲ್ಲ. ಅದು ವಿದ್ಯುತ್ತಿಗಾಗಿಯೇ ಕಟ್ಟಿದ ಕೇಂದ್ರ. ನಮ್ಮದೇ ಆದ ಅಣುಶಕ್ತಿ ನಿಯಂತ್ರಣ ಮಂಡಲಿಯ ಮೇಲ್ವಿಚಾರಣೆ ಅದಕ್ಕಿದೆ. ಆದರೆ ಹೊರಗಿನವನೊಬ್ಬನು ಬಂದು ಎಣಿಸಲಾಗದ ಗೋದಾಮು ಅದು ಎಂಬುದು ನಿಜ. ಇತರರ ಗೋದಾಮುಗಳ ಬಾಗಿಲು ತೆರೆಯಬೇಕೆಂದು ಬಯಸುವ ನಾವು ಈ ಸಂಗತಿಯನ್ನು ಮರೆಯಬಾರದು.

ಇದರ ಹಿನ್ನೆಲೆಯಲ್ಲಿ ಒಂದು ಇತಿಹಾಸವಿದೆ. ತುಮಕೂರಿನಲ್ಲಿ ಹುಟ್ಟಿದ ಡಾ. ರಾಜಾ ರಾಮಣ್ಣನವರ ನೇತೃತ್ವದಲ್ಲಿ ೧೯೭೪ರ ಮೇ ೧೮ರಂದು ಪೋಖರಣದಲ್ಲಿ ಭಾರತದ ಮೊದಲ ಅಣುಸ್ಫೋಟವು ನಡೆಯಿತು. ಅದರ ಪ್ಲುಟೋನಿಯಂ ಬಂದದ್ದು ಟ್ರಾಂಬೆಯ ಸೈರಸ್ ರಿಯಾಕ್ಟರಿನಿಂದ. ಆ ರಿಯಾಕ್ಟರನ್ನು ಶಾಂತಿಯುತ ಕಾರ್ಯಕ್ಕೆಂದು ಕೆನಡವು ಕೊಟ್ಟಿತ್ತು, ಭಾರಜಲವನ್ನು ಅಮೇರಿಕೆಯು ಕೊಟ್ಟಿತ್ತು. ನಮ್ಮ ಸರಕಾರವು ಇದನ್ನು ಶಾಂತಿಯುತ ಸ್ಫೋಟವೆಂದಿತು, ಜಗತ್ತು ನಂಬಲಿಲ್ಲ. ಸಾಮಗ್ರಿ ಮಾರುವ ದೇಶಗಳು ಕೂಡಿ, ತಪಾಸಣೆಗೆ ಒಪ್ಪದವರಿಗೆ ಏನನ್ನೂ ಕೊಡಕೂಡದೆಂದು ಕಟ್ಟು ಮಾಡಿಕೊಂಡವು. ಕೈಗಾದಂಥ ಕೇಂದ್ರಗಳನ್ನು ನಾವು ನಮ್ಮ ಸ್ವಂತ ಬಲದಿಂದಲೇ ಕಟ್ಟಬೇಕಾಗಿ ಬಂದುದಕ್ಕೆ ಇದು ಮುಖ್ಯ ಕಾರಣ. ೧೯೯೮ರ ಮೇ ತಿಂಗಳಿನಲ್ಲಿ ಪೋಖರಣದಲ್ಲಿ ಮತ್ತೆ ಸ್ಫೋಟಗಳಾದವು. ಅದೇ ತಿಂಗಳಿನಲ್ಲಿ ಪಾಕಿಸ್ತಾನವೂ ಸ್ಫೋಟಿಸಿತು.

ಒಪ್ಪಂದಕ್ಕೆ ನಾವು ಸಹಿಹಾಕದಿರಲು ಕೊಟ್ಟ ಕಾರಣವು ದುರ್ಬಲವಾದುದಲ್ಲ. ೧೯೬೭ರ ಜನವರಿ ೧ಕ್ಕೆ ಮೊದಲು ಬಾಂಬು ಸಿಡಿಸಿದ ಐದು ರಾಷ್ಟ್ರಗಳು ಅಣ್ವಸ್ತ್ರ ರಾಷ್ಟ್ರಗಳು. ಉಳಿದವರು ಎಂದೆಂದಿಗೂ ಅಲ್ಲ. ಒಪ್ಪಂದದ ಆರನೆಯ ಕಲಮಿನಲ್ಲಿ ಆ ಐವರೂ ನಿಶ್ಶಸ್ತ್ರೀಕರಣದ ಮಾತುಕತೆಯನ್ನು ಸದ್ಭಾವದಿಂದ ನಡೆಸುವುದಾಗಿ ವಚನ ಕೊಟ್ಟಿದ್ದಾರೆ. ಅಂದಿನಿಂದ ಬಾಂಬುಗಳ ಸಂಖ್ಯೆ ಏರಿ, ೧೯೮೦ರ ದಶಕದ ನಡುವೆ ಎಪ್ಪತ್ತು ಸಾವಿರದ ಸಮೀಪಕ್ಕೆ ಹೋಗಿ, ಆಮೇಲೆ ಇಳಿದು, ಈಗ ಸುಮಾರು ಹನ್ನೆರಡು ಸಾವಿರವಿದೆ. ಇಳಿದದ್ದು ಸಂತೋಷ, ಆದರೆ ಸೊನ್ನೆಯ ಕಡೆಗೆ ಹೋಗುವ ದಾರಿ ಕಾಣುತ್ತಿಲ್ಲ. ತಾನು ಕುಡಿಯುತ್ತ ಊರಿಗೆ ಪಾನನಿರೋಧ ಬೋಧಿಸುವವನ ಮಾತನ್ನು ಯಾರು ಕೇಳುವರು?

ಇಲ್ಲಿ ಅಂಕೋಲೆಯ ಉಪ್ಪು ನನಗೆ ಎರಡನೆಯ ಪಾಠವನ್ನು ಹೇಳುತ್ತದೆ. ಉಪ್ಪಿನ ಕಾಯಿದೆ ಬಿದ್ದುದು ಸಮುದ್ರವು ಹತ್ತಿರವಿದ್ದುದರಿಂದ ಮಾತ್ರವೇ? ಆಳುವವನಿಗೊಂದು ನ್ಯಾಯ, ಆಳಿಸಿಕೊಳ್ಳುವವನಿಗೊಂದು ನ್ಯಾಯ ಎಂಬ ಅವಮಾನವನ್ನು ಜನರು ಸಹಿಸದೆ ಹೋದರು. ಸಮನಲ್ಲದ ಕಾಯಿದೆ ಎಷ್ಟು ದಿನ ನಿಂತರೂ ಒಳಗೊಳಗೆ ಸವೆಯುತ್ತಿರುತ್ತದೆ. ಅಷ್ಟರ ಮಟ್ಟಿಗೆ ಭಾರತದ ನಿರಾಕರಣೆಯಲ್ಲಿ ಸತ್ಯಾಗ್ರಹದ ಒಂದು ಅಂಶವಿದೆಯೆಂದು ನಾನು ಒಪ್ಪುತ್ತೇನೆ.

ಆದರೆ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸುವುದು ಪ್ರಾಮಾಣಿಕತೆಯಲ್ಲ. ಅಂಕೋಲೆಯ ಜನರು ಕಾಯಿದೆಯನ್ನು ಹಗಲಿನಲ್ಲಿ, ಸಾವಿರ ಜನರ ಕಣ್ಣೆದುರಿಗೆ ಮುರಿದರು. ಅದರ ಶಿಕ್ಷೆಯನ್ನು ತಮ್ಮ ಮೈಮೇಲೆ ತೆಗೆದುಕೊಂಡರು. ಮುಂದೆ ಕರನಿರಾಕರಣೆಯ ಚಳವಳಿಯಲ್ಲಿ ರೈತರು ಜಮೀನುಗಳನ್ನೇ ಕಳೆದುಕೊಂಡರು. ಈ ತಾಲೂಕಿಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದುದು ಆ ತ್ಯಾಗದಿಂದ. ಅಣುಬಾಂಬಿನ ಶಿಕ್ಷೆಯನ್ನು ಅನುಭವಿಸುವವರು ಅದನ್ನು ಮಾಡಿದವರಲ್ಲ; ಕರಾಚಿಯದೋ ಮುಂಬಯಿಯದೋ ಒಂದು ಓಣಿಯಲ್ಲಿ ಆಡುತ್ತಿರುವ ಮಕ್ಕಳು. ಆದ್ದರಿಂದ ಅನ್ಯಾಯದ ಒಪ್ಪಂದಕ್ಕೆ ಸಹಿಹಾಕದಿರುವುದಕ್ಕೆ ಅಂಕೋಲೆಯ ಸಾಕ್ಷಿ ದೊರೆಯಬಹುದು. ಬಾಂಬನ್ನು ಕಟ್ಟುವುದಕ್ಕೆ ದೊರೆಯಲಾರದು. ನಮ್ಮ ರಾಷ್ಟ್ರದಲ್ಲಿ ಈ ಎರಡು ಮನಸ್ಸುಗಳೂ ಜೊತೆಜೊತೆಯಾಗಿಯೇ ಇವೆ. ೧೯೮೬ರಲ್ಲಿ ಇಲ್ಲಿಯ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲನ್ನಿಟ್ಟ ಪ್ರಧಾನಿ ರಾಜೀವ ಗಾಂಧಿಯವರೇ ೧೯೮೮ರ ಜೂನಿನಲ್ಲಿ ವಿಶ್ವಸಂಸ್ಥೆಯ ಮುಂದೆ ನಿಂತು, ೨೦೧೦ರೊಳಗೆ ಜಗತ್ತಿನ ಎಲ್ಲ ಅಣ್ವಸ್ತ್ರಗಳನ್ನು ಇಲ್ಲವಾಗಿಸುವ ಯೋಜನೆಯನ್ನು ಮಂಡಿಸಿದರು.

ನಮ್ಮ ಜಿಲ್ಲೆಯಲ್ಲಿ ಪ್ರಶ್ನೆ ಕೇಳಿದವರು ಮೊದಲಿನಿಂದಲೂ ಇದ್ದಾರೆ. ಡಾ. ಶಿವರಾಮ ಕಾರಂತರು ತಮ್ಮ ಇಳಿವಯಸ್ಸಿನಲ್ಲಿ ಕೈಗಾ ಯೋಜನೆಯನ್ನು ವಿರೋಧಿಸಿದರು. ೧೯೮೯ರಲ್ಲಿ ಇಲ್ಲಿಂದ ಲೋಕಸಭೆಗೆ ಸ್ಪರ್ಧಿಸಿದರು, ಸೋತರು. ಅವರ ಚಿಂತೆ ಕಾಡಿನದು, ನದಿಯದು, ಜನರ ಸುರಕ್ಷಿತತೆಯದು. ಅವರ ಅಭಿಪ್ರಾಯವನ್ನು ಒಪ್ಪದವರೂ, ಕೇಳಬೇಕಾದ ಪ್ರಶ್ನೆಯನ್ನು ಬಹಿರಂಗವಾಗಿ ಕೇಳುವ ಅವರ ಧೈರ್ಯವನ್ನು ಮೆಚ್ಚಬೇಕು. ೨೦೦೯ರ ನವೆಂಬರಿನಲ್ಲಿ ಕೈಗಾದ ಒಂದು ಕುಡಿಯುವ ನೀರಿನ ಯಂತ್ರದಲ್ಲಿ ಟ್ರಿಟಿಯಂ ಇರುವ ಭಾರಜಲವು ಬೆರೆತು, ಐವತ್ತಕ್ಕೂ ಹೆಚ್ಚು ನೌಕರರ ದೇಹದಲ್ಲಿ ಅದು ಕಂಡುಬಂದಿತು. ಒಳಗಿನವರೇ ಯಾರೋ ಬೇಕೆಂದು ಬೆರೆಸಿದ್ದೆಂದು ಅಧಿಕಾರಿಗಳು ಹೇಳಿದರು. ಬಾಂಬಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಗೋಡೆ ಎಷ್ಟೇ ಎತ್ತರವಿದ್ದರೂ ಒಳಗಿನ ಒಂದು ಕೈ ಸಾಕೆಂಬುದನ್ನು ಅದು ತೋರಿಸಿತು. ಪ್ರಪಂಚದ ಯಾವ ಮೂಲೆಯಲ್ಲಾದರೂ ಸರಿ, ಸಾಮಗ್ರಿಯು ಕಡಿಮೆಯಿದ್ದಷ್ಟೂ ಕಾವಲು ಸುಲಭ.

ಹಾಗಾದರೆ ಆಗಬಹುದಾದುದೇನು? ದೊಡ್ಡ ಒಪ್ಪಂದಗಳು ನಿಂತಲ್ಲಿ ಚಿಕ್ಕವು ನಡೆಯುವುದುಂಟು. ಪರಸ್ಪರರ ಅಣುಕೇಂದ್ರಗಳ ಮೇಲೆ ಆಕ್ರಮಣ ಮಾಡಕೂಡದೆಂದು ಭಾರತ ಪಾಕಿಸ್ತಾನಗಳು ೧೯೮೮ರ ಡಿಸೆಂಬರ್ ೩೧ರಂದು ಒಪ್ಪಂದ ಮಾಡಿಕೊಂಡವು. ಅದರಂತೆ ೧೯೯೨ರಿಂದ ಪ್ರತಿ ಜನವರಿ ೧ರಂದು ಎರಡೂ ರಾಷ್ಟ್ರಗಳು ತಮ್ಮ ಅಣುಕೇಂದ್ರಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತವೆ. ವಿದ್ಯುತ್ ರಿಯಾಕ್ಟರುಗಳೂ ಒಪ್ಪಂದದೊಳಗೆ ಬರುವುದರಿಂದ ನಮ್ಮ ಕೈಗಾವೂ ಅದರ ರಕ್ಷಣೆಯಲ್ಲಿದೆ. ಕಾರ್ಗಿಲ್ ಯುದ್ಧದ ಮರುವರ್ಷವೂ ಪುಲ್ವಾಮಾದ ಮರುವರ್ಷವೂ ಈ ಕಾಗದವು ತಪ್ಪಲಿಲ್ಲ. ಶತ್ರುವಿಗೂ ಕೊಡಬಹುದಾದ ಲೆಕ್ಕವೊಂದಿದೆಯೆಂದು ಇದರಿಂದ ತಿಳಿಯುತ್ತದೆ. ೧೯೯೮ರ ಅನಂತರ ಭಾರತವು ಸ್ಫೋಟ ಪ್ರಯೋಗ ಮಾಡಿಲ್ಲ. ತಾನು ಮೊದಲು ಅಣ್ವಸ್ತ್ರ ಪ್ರಯೋಗಿಸುವುದಿಲ್ಲವೆಂಬ ನೀತಿಯನ್ನು ೨೦೦೩ರ ಜನವರಿ ೪ರಂದು ಪ್ರಕಟಿಸಿತು. ಇನ್ನು ಮುಂದೆ ಬಾಂಬಿನ ಸಾಮಗ್ರಿಯನ್ನು ಯಾರೂ ಉತ್ಪಾದಿಸಕೂಡದೆಂಬ ಒಪ್ಪಂದದ ಮಾತು ಜಿನೀವಾದಲ್ಲಿ ೧೯೯೦ರ ದಶಕದಿಂದ ಕುಂಟುತ್ತಿದೆ. ಅದು ಕೈಗೂಡಿ, ಒಂಬತ್ತು ರಾಷ್ಟ್ರಗಳೂ ಒಂದೇ ಅಳತೆಯಿಂದ ತಮ್ಮ ಗೋದಾಮುಗಳನ್ನು ತೆರೆಯುವುದಾದರೆ, ಕೈಗಾದ ಬಾಗಿಲನ್ನು ತೆರೆಯಲು ನಾವು ಮೊದಲು ಸಿದ್ಧರಾಗಬೇಕೆಂಬುದು ನನ್ನ ಮತ. ಅಲ್ಲಿ ವಿದ್ಯುತ್ತಲ್ಲದೆ ಬೇರೇನೂ ಆಗುತ್ತಿಲ್ಲವಾದರೆ ನಮಗೆ ಕಳೆದುಕೊಳ್ಳುವುದು ಏನೂ ಇಲ್ಲ, ಗಳಿಸುವುದು ಬಹಳವಿದೆ.

ಅಣ್ವಸ್ತ್ರಗಳ ಹರಡುವಿಕೆಯನ್ನು ತಡೆಯಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರವಿಷ್ಟು: ತಡೆಯಬಹುದು, ಈವರೆಗೆ ಬಹುಮಟ್ಟಿಗೆ ತಡೆದೂ ಇದ್ದಾರೆ, ಏಕೆಂದರೆ ಸಾಮಗ್ರಿಯನ್ನು ಎಣಿಸಬಹುದು. ಆದರೆ ಎಣಿಸುವ ಹಕ್ಕು ಕೆಲವರಿಗೆ, ಎಣಿಸಿಕೊಳ್ಳುವ ಕರ್ತವ್ಯ ಉಳಿದವರಿಗೆ ಎಂದಿರುವ ವರೆಗೆ ಆ ತಡೆಯು ಗಟ್ಟಿಯಾಗದು. ನಮ್ಮ ಕಾಲೇಜಿನಿಂದ ಹೊರಬೀಳುವವರಲ್ಲಿ ಕೆಲವರು ಕೈಗಾಕ್ಕೂ ಕೆಲವರು ನೌಕಾನೆಲೆಗೂ ನೌಕರಿಗೆ ಹೋಗುವರು. ಒಬ್ಬಿಬ್ಬರು ವಿದೇಶಾಂಗ ಖಾತೆಗೂ ಹೋಗಬಹುದು. ಎಲ್ಲರೂ ಮತದಾರರಂತೂ ಆಗುತ್ತೇವೆ. ನಮ್ಮ ಸಂಸತ್ತಿನಲ್ಲಿ ಈ ವಿಷಯ ಬಂದಾಗ ನಮ್ಮ ಪ್ರತಿನಿಧಿಯು ಏನು ಹೇಳಿದನೆಂದು ವಿಚಾರಿಸುವಷ್ಟಾದರೂ ತಿಳಿವಳಿಕೆ, ಕಾಳಿಯ ದಂಡೆಯಲ್ಲಿ ಓದಿದ ನಮಗೆ ಇರಬೇಕು.